ಎರಡನೇ ಆಳು

ಸತ್ತ ಮೇಲೆ ಲೂಡಿಂಗಳಿಗೆ ಒಂದು ಗೋಡೆ ಸಿಕ್ಕಿತು. ಬದುಕಿದ್ದಾಗ ಒರಗಿ ಕೂರಲು ಒಂದು ಕುರ್ಚಿ ಸಿಕ್ಕಿರಲಿಲ್ಲ. ಕಂಪನಿಗೆ ಇದರಲ್ಲಿ ಅನುಕೂಲವಿದೆ. ಫೋಟೋಗೆ ಬೆನ್ನು ನೋಯುವುದಿಲ್ಲ. ಫೋಟೋ ರಜೆ ಕೇಳುವುದಿಲ್ಲ. ಊಟದ ಹೊತ್ತಿಗೆ ಒಣಮೀನಿನ ಡಬ್ಬಿ ಬಿಚ್ಚಿ ಕಾರಿಡಾರು ನಾರಿಸುವುದಿಲ್ಲ.

ನಮ್ಮ ವೃದ್ಧಾಶ್ರಮದ ಹೆಸರಿನಲ್ಲಿ ಸಮುದ್ರವಿದೆ. ಕಿಟಕಿಯಲ್ಲಿ ಕಬ್ಬಿನ ಗದ್ದೆಯಿದೆ. ಕ್ವೀನ್ಸ್‌ಲ್ಯಾಂಡಿನ ಉತ್ತರದ ಈ ಊರಿಗೆ ಕಬ್ಬು ಕಡಿಯುವ ಯಂತ್ರ ಬಂದ ಮೇಲೆ ಮೈಮುರಿದು ಮಾಡುವ ಕೆಲಸ ಉಳಿದದ್ದು ಎರಡೇ. ಬಾಳೆಗೊನೆ ಹೊರುವುದು, ಮುದುಕರನ್ನು ಎತ್ತುವುದು. ಗೊನೆ ಹೊರಲು ಬೆನ್ನುಚೀಲ ಹಾಕಿಕೊಂಡು ಊರೂರು ಸುತ್ತುವ ಹುಡುಗರು ಬರುತ್ತಾರೆ. ಮುದುಕರನ್ನು ಎತ್ತಲು ನಾವು, ಫಿಲಿಪೀನ್ಸಿನ ಹೆಂಗಸರು. ನಾವು ಹುಟ್ಟಾ ಕರುಣಾಮಯಿಗಳಂತೆ. ಕಂಪನಿಯ ಬಣ್ಣದ ಪುಸ್ತಿಕೆಯಲ್ಲಿ ಹಾಗೆ ಅಚ್ಚಾಗಿದೆ. ಕರುಣೆ ರಕ್ತದಲ್ಲೇ ಹರಿಯುವವರಿಗೆ ಜೊತೆಗೊಬ್ಬ ಆಳು ಯಾಕೆ ಬೇಕು?

ಅವಳ ಹೆಸರು ಲುಡಿವಿನಾ. ನಮ್ಮ ದೇಶದ ಇಲೊಇಲೊ ಕಡೆಯವರಾದ ನಮಗೆ ಅವಳು ಮನಾಂಗ್ ಲೂಡಿಂಗ್. ಮನಾಂಗ್ ಅಂದರೆ ಅಕ್ಕ. ಆಶ್ರಮದ ಮ್ಯಾನೇಜರು ನೆರಿಡಾಳ ನಾಲಿಗೆ ಮೇಲೆ ಆ ಹೆಸರು ಹೊರಳಲಿಲ್ಲ. ಮೊದಲ ವಾರವೇ ಅವಳು ಲೂಡಿಂಗಳಿಗೆ ‘ಲೂಸಿ’ ಎಂದು ನಾಮಕರಣ ಮಾಡಿದಳು. ಲೂಸಿ ಅಂದರೆ ಬೆಳಕು ಎಂದು ವಿವರಣೆಯನ್ನೂ ಕೊಟ್ಟಳಂತೆ.

“ಬೆಳಕಂತೆ ಕಣೇ ನಾನು,” ಎಂದಿದ್ದಳು ಲೂಡಿಂಗ್. “ಅವಳಿಗೆ ಕರೆಂಟ್ ಬಿಲ್ ಉಳೀತು ಬಿಡು.”

ನಾನು ಅವಳನ್ನು ಮೊದಲು ಕಂಡದ್ದು ಸೂಪರ್ ಮಾರ್ಕೆಟ್ಟಿನ ಅಕ್ಕಿಯ ಕಪಾಟಿನ ಮುಂದೆ. ಆಗ ನಾನು ರಸೆಲ್‌ನನ್ನು ಮದುವೆಯಾಗಿ ಈ ಊರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ರಸೆಲ್ ಕೆಟ್ಟವನಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಹೊಡೆಯುತ್ತಿರಲಿಲ್ಲ, ಅದಕ್ಕೆ. ಅವನ ಮನೆಯಲ್ಲಿ ಮೀನು ಬೇಯಿಸಬಾರದು, ಫೋನಿನಲ್ಲಿ ನನ್ನ ಭಾಷೆ ಆಡಬಾರದು, ಅನ್ನ ವಾರಕ್ಕೊಮ್ಮೆ ಸಾಕು. ಅಷ್ಟು ಬಿಟ್ಟರೆ ನಾನು ಮಹಾರಾಣಿ. ಮಹಾರಾಣಿಯವರು ಅಂದು ಎಲ್ಲಕ್ಕಿಂತ ಚಿಕ್ಕ ಅಕ್ಕಿ ಪೊಟ್ಟಣ ಕೈಯಲ್ಲಿ ಹಿಡಿದು, ಕೊಳ್ಳಲೋ ಬೇಡವೋ ಎಂದು ನಿಂತಿದ್ದರು.

ಹಿಂದಿನಿಂದ ನನ್ನದೇ ಭಾಷೆಯಲ್ಲಿ ಒಂದು ದನಿ ಬಂತು.

“ಅದೇನು, ಬೆಕ್ಕಿಗಾ?”

ತಿರುಗಿದೆ. ಕುಳ್ಳಗಿನ ಹೆಂಗಸು. ಆಶ್ರಮದ ನೀಲಿ ಅಂಗಿ. ತಳ್ಳುಗಾಡಿಯಲ್ಲಿ ಅಕ್ಕಿಯ ದೊಡ್ಡ ಚೀಲವನ್ನು ಮಗುವಿನ ಹಾಗೆ ಕೂರಿಸಿಕೊಂಡಿದ್ದಳು. ಅಷ್ಟು ದಿನದ ಮೇಲೆ ನನ್ನ ಮಾತು ಕಿವಿಗೆ ಬಿದ್ದದ್ದೇ ಕಣ್ಣು ತುಂಬಿತು.

“ಅಳ್ಬೇಡ, ಇಲ್ಲಿ ಕ್ಯಾಮೆರಾ ಇದೆ. ಅಕ್ಕಿ ಕದ್ದಿದೀಯ ಅಂದ್ಕೋತಾರೆ.” ನನ್ನ ಕೈಯಿಂದ ಪೊಟ್ಟಣ ಕಿತ್ತು ಕಪಾಟಿಗೆ ಎಸೆದಳು. “ಗಂಡ ಬ್ರೆಡ್ ತಿಂತಾನೆ ಅಂತ ನೀನೂ ಬ್ರೆಡ್ ತಿಂತಿದೀಯಾ? ಹೊಟ್ಟೇನೂ ಮದುವೆ ಮಾಡಿ ಕೊಟ್ಬಿಟ್ರಾ ನಿಮ್ಮಪ್ಪ? ನಡಿ ಮನೆಗೆ.”

ಅವಳು ಯಾರು, ನಾನು ಯಾರು ಎಂದು ಇಬ್ಬರೂ ಕೇಳಿಕೊಂಡದ್ದು ಉಂಡಾದ ಮೇಲೆ.

ಗಂಡ ತೀರಿದ ಮೇಲೆ ಲೂಡಿಂಗ್ ಒಬ್ಬಳೇ ಇದ್ದಳು. ಮನೆಯ ಹಿಂದಿನ ಜಗುಲಿಯಲ್ಲಿ ಒಂದು ಗ್ಯಾಸ್ ಒಲೆ ಇಟ್ಟುಕೊಂಡು ಅಲ್ಲೇ ಒಣಮೀನು ಹುರಿಯುತ್ತಿದ್ದಳು. ಪಕ್ಕದ ಮನೆಯವರು ವಾಸನೆಯೆಂದು ಪುರಸಭೆಗೆ ದೂರು ಕೊಟ್ಟರು. ಒಬ್ಬ ಅಧಿಕಾರಿ ಮೂಗು ಹಿಡಿದೇ ಬಂದ. ಲೂಡಿಂಗ್ ಅವನಿಗೆ ತಟ್ಟೆ ಹಾಕಿದಳು. ಬಿಸಿ ಅನ್ನ, ಗರಿಗರಿ ಮೀನು, ವಿನಿಗರ್‌ನಲ್ಲಿ ನೆನೆಸಿದ ಬೆಳ್ಳುಳ್ಳಿ ಮೆಣಸಿನಕಾಯಿ. ಮುಂದಿನ ಸಲ ಅವನು ಬಂದದ್ದು ದೂರಿಲ್ಲದೆ. ಊಟದ ಹೊತ್ತು ನೋಡಿಕೊಂಡು.

ನಾನು ರಸೆಲ್‌ನ ಮನೆ ಬಿಟ್ಟ ದಿನ ಅವಳು ಆಶ್ರಮದ ಮಾಸಿದ ಬಟ್ಟೆಯ ತಳ್ಳುಗಾಡಿಯನ್ನು ಊರ ನಡುಬೀದಿಯಲ್ಲಿ ದಬ್ಬಿಕೊಂಡು ಬಂದಳು. ನನ್ನ ಬಟ್ಟೆ, ನನ್ನ ಪಾತ್ರೆ, ನನ್ನ ಸಂತ ಅಂತೋಣಿಯ ಮೂರ್ತಿ ಎಲ್ಲ ಅದರಲ್ಲಿ ಹಿಡಿಸಿತು. ಬಾಗಿಲಲ್ಲಿ ನಿಂತ ರಸೆಲ್‌ಗೆ ಹೇಳಿದಳು: “ಟೀವಿ ಬಿಟ್ಟು ಹೋಗ್ತಿದೀವಿ ರಸೆಲ್. ಹೆದರ್ಬೇಡಿ, ನಿಮ್ಮ ಸಂಸಾರಕ್ಕೇನೂ ತೊಂದರೆ ಇಲ್ಲ.”

ಇದನ್ನು ಕರುಣೆ ಎಂದು ಕರೆದಿದ್ದರೆ ಅವಳು ನನ್ನ ತಲೆಗೆ ಮೊಟಕುತ್ತಿದ್ದಳು.

ಆಶ್ರಮದಲ್ಲಿ ನನಗೆ ಕೆಲಸ ಕೊಡಿಸಿದವಳೂ ಅವಳೇ. ಎತ್ತುವುದನ್ನು ಕಲಿಸಿದಳು. ಮೊಣಕಾಲು ಮಡಿಸು. ಬೆನ್ನು ಬಗ್ಗಿಸಬೇಡ. ಕಂಕುಳಿಗೆ ಕೈ ಹಾಕಿ ಎಳೆಯಬೇಡ, ಮುದುಕರ ತೋಳು ಕಳಚಿ ಬರುತ್ತದೆ. ಕಿವಿಯಲ್ಲಿ ಏನಾದರೂ ಮಾತಾಡುತ್ತಿರು. ನಾವು ದಿನವಿಡೀ ಎತ್ತುತ್ತಿದ್ದೆವು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಕ್ಕಸಿಗೆ, ಕಕ್ಕಸಿನಿಂದ ಸ್ನಾನಕ್ಕೆ, ಮತ್ತೆ ಮಂಚಕ್ಕೆ. ಉಚ್ಚೆ ಒರೆಸಿದೆವು, ಹುಣ್ಣು ತೊಳೆದೆವು, ಹಲ್ಲಿನ ಸೆಟ್ಟು ಉಜ್ಜಿದೆವು. ಕೆಲವರು ಮುದ್ದಾಡಿದರು. ಕೆಲವರು ಕಚ್ಚಿದರು. ಆಲ್ಬಿ ಎಂಬ ಮುದುಕ ನನ್ನ ಬಣ್ಣ ತನ್ನ ಮೈಗೆ ಹತ್ತಬಹುದೆಂದು ಟವೆಲು ಅಡ್ಡ ಹಿಡಿಯುತ್ತಿದ್ದ. ಲೂಡಿಂಗ್ ಅವನಿಗೆ, “ಹತ್ತಿದ್ರೆ ಒಳ್ಳೇದೇ ಆಲ್ಬಿ. ಬಿಸಿಲಲ್ಲಿ ಸುಟ್ಟುಕೊಳ್ಳೋದು ತಪ್ಪುತ್ತೆ,” ಎಂದಳು. ಅವನು ನಕ್ಕ. ಮರುದಿನ ಟವೆಲು ಮರೆತ.

ಕಾರಿಡಾರಿನ ಗೋಡೆಯಲ್ಲಿ ಒಂದು ಪೋಸ್ಟರು. ‘ಇಬ್ಬರಿಲ್ಲದೆ ಎತ್ತಬೇಡಿ.’ ಚಿತ್ರದಲ್ಲಿ ಇಬ್ಬರು ಹಲ್ಲು ಬಿಟ್ಟುಕೊಂಡು ಒಬ್ಬ ಅಜ್ಜಿಯನ್ನು ಎತ್ತುತ್ತಿದ್ದಾರೆ. ಅಜ್ಜಿಯೂ ಹಲ್ಲು ಬಿಟ್ಟಿದ್ದಾಳೆ. ನಮ್ಮ ಆಶ್ರಮದಲ್ಲಿ ಒಂದೇ ಜಾಗದಲ್ಲಿ ಇಬ್ಬರು ಕೆಲಸದವರು ಕಾಣುತ್ತಿದ್ದದ್ದು ಆ ಪೋಸ್ಟರಿನಲ್ಲಿ ಮಾತ್ರ. ಬಲಗಡೆಯ ಕೋಣೆಗಳ ಸಾಲಿಗೆ ಲೂಡಿಂಗ್. ಎಡಗಡೆಯ ಸಾಲಿಗೆ ನಾನು. ಬೇಕಾದಾಗ ಅತ್ತಿತ್ತ ಓಡಲು ಮೂರನೆಯವಳೊಬ್ಬಳು ಇದ್ದಳು. ಜನ ಹೆಚ್ಚಾಯಿತೆನಿಸಿದ ದಿನ ನೆರಿಡಾ ಅವಳನ್ನು ಮನೆಗೆ ಕಳಿಸುತ್ತಿದ್ದಳು. “ಇವತ್ತು ಹೇಗೋ ನಡೆಯುತ್ತೆ ಅಲ್ವಾ? ನಾವೆಲ್ಲ ಒಂದು ಕುಟುಂಬ.”

ಅಂಥದೇ ಒಂದು ಬೆಳಿಗ್ಗೆ ಬಲಗಡೆಯ ಸಾಲಿನ ಬೆರಿಲ್ ಅಜ್ಜಿ ಕಕ್ಕಸಿನ ಕುರ್ಚಿಯಿಂದ ಜಾರಿದಳು. ಗೋಡೆಗೂ ಕುರ್ಚಿಗೂ ನಡುವೆ ಸಿಕ್ಕಿಕೊಂಡಳು. ದಪ್ಪ ಹೆಂಗಸು. ಮೊಣಕಾಲು ಟೈಲ್ಸಿನ ಮೇಲೆ, ಮುಖ ಗೋಡೆಗೆ. ಲೂಡಿಂಗ್ ಎರಡನೇ ಆಳಿಗಾಗಿ ಬೆಲ್ ಒತ್ತಿದಳು. ನನ್ನ ಸಾಲಿನ ಹಲಗೆಯಲ್ಲಿ ಕೆಂಪು ದೀಪ ಹತ್ತಿತು. ನಾನು ಆಲ್ಬಿಯನ್ನು ನೀರಿನ ಕೆಳಗೆ ಕೂರಿಸಿದ್ದೆ. ಅವನ ಕಣ್ಣಲ್ಲಿ ಸೋಪು. ಸ್ನಾನದಲ್ಲಿರುವವರನ್ನು ಬಿಟ್ಟು ಕದಲಬಾರದೆಂದು ಇನ್ನೊಂದು ಪೋಸ್ಟರು ನನ್ನನ್ನೇ ನೋಡುತ್ತಿತ್ತು. ಕಿರುಚಿದೆ. ನನ್ನ ಕಿರುಚು ಕೇಳಿಸಿಕೊಳ್ಳಬೇಕಾದವಳು ಮನೆಯಲ್ಲಿದ್ದಳು. ಬೆಲ್ ಹೊಡೆಯುತ್ತಲೇ ಇತ್ತು. ಆಲ್ಬಿಯ ಮೈಗೆ ಟವೆಲು ಸುತ್ತಿ, ಅವನನ್ನು ಗಾಲಿಕುರ್ಚಿಗೆ ದಾಟಿಸಿ, ಅವನನ್ನೂ ತಳ್ಳಿಕೊಂಡೇ ಓಡಿದೆ. ಕಾರಿಡಾರಿನ ತಿರುವಿನಲ್ಲಿದ್ದಾಗ ಆ ಸದ್ದು ಕೇಳಿತು. ಕಿರುಚಿದ ಸದ್ದಲ್ಲ. ಹಸಿ ಕಬ್ಬನ್ನು ಮೊಣಕಾಲಿಗೆ ಕೊಟ್ಟು ಮುರಿದ ಹಾಗೆ.

ಬೆರಿಲ್ ಅಜ್ಜಿ ಕುರ್ಚಿಯ ಮೇಲೆ ಕೂತಿದ್ದಳು. ಲೂಡಿಂಗ್ ನೆಲದ ಮೇಲಿದ್ದಳು.

“ಅಜ್ಜಿ ಕಾಲು ನೀಲಿ ಆಗಿತ್ತು ಕಣೇ,” ಎಂದಳು. ಅಷ್ಟೇ.

ಅಂದು ಮುರಿದದ್ದು ಎರಡು. ಒಂದು ಅವಳ ಬೆನ್ನು, ಇನ್ನೊಂದು ಇಬ್ಬರ ನಿಯಮ. ವಿಚಾರಣೆ ನಡೆದದ್ದು ನಿಯಮದ ಬಗ್ಗೆ. ನೆರಿಡಾ ನನ್ನನ್ನು ಕರೆದು, ಲೂಸಿ ಒಬ್ಬಳೇ ಎತ್ತಿದಳೋ ಇಲ್ಲವೋ ಎಂದು ಕೇಳಿದಳು. ಎರಡನೆಯವಳು ಇರಲಿಲ್ಲ ಎಂದೆ. “ನಾನು ಕೇಳಿದ್ದು ಅದಲ್ಲ ಮೆರ್ಲಿ,” ಎಂದಳು, ಬಹಳ ಮೃದುವಾಗಿ. ಕೆಲ ಕಾಲ ಲೂಡಿಂಗಳನ್ನು ಹಗುರ ಕೆಲಸಕ್ಕೆ ಹಾಕಿದರು. ಕರವಸ್ತ್ರ ಮಡಿಸುವುದು, ಕಾಲುಚೀಲಗಳ ಜೋಡಿ ಹುಡುಕುವುದು. ಆ ಕೋಣೆಯಲ್ಲಿ ಬೆನ್ನಿಲ್ಲದ ಸ್ಟೂಲೊಂದೇ ಇತ್ತು. ಬೆನ್ನು ಹೋದವಳಿಗೆ ಬೆನ್ನಿರುವ ಕುರ್ಚಿ ಕೊಟ್ಟರೆ ಬೇಜಾರಾಗಬಹುದೆಂದು ಇರಬೇಕು. ಆಮೇಲೆ ಕಾಲುಚೀಲಗಳಿಗೂ ಅವಳ ಅಗತ್ಯ ಬೀಳಲಿಲ್ಲ.

ಅವಳ ಕೊನೆಯ ಒಂದು ವರ್ಷ ನಾನು ನನ್ನ ಬಾಡಿಗೆ ಕೋಣೆ ಬಿಟ್ಟು ಅವಳ ಮನೆಯಲ್ಲೇ ಇದ್ದೆ. ಪಾಳಿ ಮುಗಿಸಿ ಬಂದು ಅವಳನ್ನು ಎತ್ತುತ್ತಿದ್ದೆ. ಜಗತ್ತಿನ ಅತಿ ಕೆಟ್ಟ ರೋಗಿ ಅವಳು.

“ಮೊಣಕಾಲು ಮಡಿಸೇ, ಕತ್ತೆ. ನಾನೇನು ಬಾಳೆಗೊನೆಯಾ? ಎರಡನೇ ಆಳೆಲ್ಲಿ?”

“ನೀನೇ.”

“ನಾನು ಎತ್ತಿಸಿಕೊಳ್ಳೋಳು.”

“ಎರಡೂ ನೀನೇ. ಕಂಪನಿ ನಿನಗೆ ಅಭ್ಯಾಸ ಮಾಡಿಸಿದೆಯಲ್ಲ.”

ನಗುವಾಗ ಬೆನ್ನು ಹಿಡಿಯುತ್ತಿತ್ತು. ಬೈಯುತ್ತಾ ನಗುತ್ತಿದ್ದಳು. ಒಂದು ಮುಂಜಾನೆ ಕಾಫಿ ಹಿಡಿದು ಹೋದಾಗ ಬೈಗುಳ ಬರಲಿಲ್ಲ. ಎದೆಬಡಿತ ನಿಂತಿತ್ತು.

ಆಮೇಲೆ ಕಂಪನಿಗೆ ಅವಳ ಮೇಲೆ ಪ್ರೀತಿ ಹುಟ್ಟಿತು.

ಹುಟ್ಟಲು ಕಾರಣವಿತ್ತು. ಕೆಲಸದ ಜಾಗದ ಸುರಕ್ಷತೆ ನೋಡುವ ಸರ್ಕಾರದವರು ಬೆರಿಲ್ ಅಜ್ಜಿ ಜಾರಿದ ಬೆಳಗಿನ ಬಗ್ಗೆ ಮತ್ತೆ ಕೇಳತೊಡಗಿದ್ದರು. ಮಣ್ಣಿನ ದಿನ ನೆರಿಡಾ ಬಿಳಿ ಹೂ ಹಿಡಿದು ಇಗರ್ಜಿಗೆ ಬಂದಳು. ನನ್ನ ಎರಡೂ ಕೈ ಹಿಡಿದುಕೊಂಡಳು.

“ಮೆರ್ಲಿ ಡಾರ್ಲಿಂಗ್, ಮಣ್ಣು ಮುಗಿದ ಕೂಡಲೇ ಎಲ್ಲರೂ ನೇರವಾಗಿ ನಮ್ಮಲ್ಲಿಗೇ ಬರ್ಬೇಕು. ಟೀ, ಕೇಕು ಎಲ್ಲ ಮಾಡ್ಸಿದೀನಿ. ಅವಳ ಹೆಸರಲ್ಲಿ ಒಂದು ಪ್ರಶಸ್ತಿ ಇಡ್ತಿದೀವಿ. ಲೂಸಿ ಕಾರುಣ್ಯ ಪ್ರಶಸ್ತಿ. ಹೆಡ್ ಆಫೀಸಿನವರು ಬರ್ತಿದಾರೆ. ನೀನು ಮಾತಾಡು.”

“ಏನಂತ?”

“ಅವಳ ಕರುಣೆ ಬಗ್ಗೆ. ಎಷ್ಟು ಕರುಣೆ ಅಂದ್ರೆ, ಎರಡನೆಯವರು ಬರೋವರೆಗೂ ಕಾಯೋಕೆ ಅವಳ ಮನಸ್ಸು ಒಪ್ಪಲಿಲ್ಲ ಅಂತ. ಆ ಒಂದು ಮಾತು ಬರ್ಲಿ. ನೀನು ಹೇಳಿದ್ರೆ ಅದಕ್ಕೊಂದು ತೂಕ.” ಕೈ ಬಿಡದೆಯೇ ಸೇರಿಸಿದಳು: “ಮುಂದಿನ ತಿಂಗಳ ಪಾಳಿ ಹಾಕ್ತಿದೀನಿ. ನಿಂಗೆ ಒಳ್ಳೆಯವೇ ಸಿಗ್ಲಿ ಅಂತ ನನ್ನಾಸೆ.”

ನೋಡಿ, ಎಂಥ ಚಂದದ ವ್ಯವಸ್ಥೆ. ಅವಳನ್ನು ಕೊಂದದ್ದು ಅವಳ ಕರುಣೆ. ಇನ್ನು ಕರುಣೆಯನ್ನು ಯಾವ ಕೋರ್ಟಿಗೆ ಎಳೆಯುತ್ತೀರಿ? ನಾನು ಆ ಒಂದು ಮಾತು ಹೇಳಿದರೆ ನನ್ನ ಪಾಳಿ ಉಳಿಯುತ್ತದೆ. ಲೂಡಿಂಗ್ ಇನ್ನು ಮುಂದೆ ಆತುರಗೇಡಿಯಾಗಿ ಗೋಡೆಯ ಮೇಲೆ ಇರುತ್ತಾಳೆ, ಹೂವಿನ ಹಾರದೊಂದಿಗೆ.

ಸ್ಮಶಾನದಲ್ಲಿ ಜೋನಾಲಿನ್ ನನ್ನ ತೋಳು ಜಗ್ಗಿದಳು. ಕಳೆದ ವರ್ಷ ಬಂದವಳು, ಲೂಡಿಂಗಳ ಜಾಗದಲ್ಲಿ ಕೆಲಸ ಮಾಡುವವಳು. ಅವಳು ಈ ದೇಶದಲ್ಲಿ ಇರುವುದೇ ಕಂಪನಿಯ ಕಾಗದದ ಮೇಲೆ.

“ಮನಾಂಗ್ ಮೆರ್ಲಿ, ಇಲ್ಲಿಂದ ನೇರ ಆಶ್ರಮಕ್ಕಾ? ನಾಳೆ ನಾವು ಕೆಲಸ ಮಾಡೋ ಜಾಗಕ್ಕಾ? ಹುಚ್ಚಾ?”

ಅವಳ ಹೆದರಿಕೆ ನಮ್ಮವರಿಗೆಲ್ಲ ಗೊತ್ತಿರುವುದೇ. ಮಣ್ಣು ಮಾಡಿ ನಾವು ನೇರ ಮನೆಗೆ ಹೋಗುವುದಿಲ್ಲ. ಸತ್ತವರು ಹಿಂದೆಯೇ ಬರುತ್ತಾರೆ. ನಡುವೆ ಎಲ್ಲಾದರೂ ನಿಲ್ಲಬೇಕು, ಏನಾದರೂ ತಿನ್ನಬೇಕು, ಹೊರಡುವಾಗ ಬಾಗಿಲಲ್ಲಿ ಬಟ್ಟೆ ಕೊಡವಬೇಕು. ಆಗ ಅವರು ಅಲ್ಲೇ ಉಳಿಯುತ್ತಾರೆ. ಈ ಊರಿನಲ್ಲಿ ನಾವು ಯಾವಾಗಲೂ ನಿಲ್ಲುವುದು ಪೆಟ್ರೋಲ್ ಬಂಕಿನ ಪಕ್ಕದ ಕರಿದ ಕೋಳಿ ಅಂಗಡಿಯಲ್ಲಿ. ನಮ್ಮ ಸತ್ತವರೆಲ್ಲ ಅಲ್ಲೇ ಇದ್ದಾರೆ, ಅದಕ್ಕೇ ಅಲ್ಲಿನ ಕೋಳಿ ಅಷ್ಟು ರುಚಿ ಎನ್ನುತ್ತಿದ್ದಳು ಲೂಡಿಂಗ್.

ನೆರಿಡಾಗೆ ಇದೊಂದೂ ಗೊತ್ತಿರಲಿಲ್ಲ. ನೇರವಾಗಿ ಬನ್ನಿ ಎಂದು ತಾನೇ ಬಾಯಿಬಿಟ್ಟು ಕರೆದಿದ್ದಳು.

“ಹೋಗೋಣ,” ಎಂದೆ. “ಕರೆದೋರು ಅವರು. ಹೋಗ್ದಿದ್ರೆ ಅಗೌರವ ಆಗುತ್ತೆ.”

ಜೋನಾಲಿನ್ ನನ್ನ ಮುಖ ನೋಡಿದಳು. ಆಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ.

ಆಶ್ರಮದ ಹಜಾರದಲ್ಲಿ ಕುರ್ಚಿ ಹಾಕಿದ್ದರು. ಬೆನ್ನಿರುವ ಕುರ್ಚಿಗಳು. ಎಷ್ಟೊಂದಿದ್ದವು! ಹೆಡ್ ಆಫೀಸಿನ ಇಬ್ಬರು ಗಂಡಸರು ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಕೇಕಿನ ತಟ್ಟೆ. ಕೆಲಸದವರನ್ನೆಲ್ಲ ಕರೆಸಿ ಹಿಂದೆ ಸಾಲಾಗಿ ನಿಲ್ಲಿಸಿದ್ದರು, ಕುಟುಂಬ ದೊಡ್ಡದಾಗಿ ಕಾಣಲೆಂದು. ನೆರಿಡಾ ಕಣ್ಣೊರೆಸಿಕೊಂಡು ಲೂಸಿಯನ್ನು ಹೊಗಳಿದಳು. ಫೋಟೋದ ಮೇಲಿನ ಬಟ್ಟೆ ಸರಿಸಿದಳು. ಚಪ್ಪಾಳೆಯಾಯಿತು. ನನ್ನನ್ನು ಕರೆದಳು.

ನಿಂತೆ. ಫೋಟೋದ ಕಡೆ ಕೈ ತೋರಿಸಿದೆ.

“ಇವಳ ಹೆಸರು ಲುಡಿವಿನಾ,” ಎಂದೆ. “ಲೂಸಿ ಅನ್ನೋರು ಯಾರೋ ನಂಗೆ ಗೊತ್ತಿಲ್ಲ. ಅವರೂ ಒಳ್ಳೆಯವರೇ ಇರ್ಬೇಕು.”

ಹಿಂದೆ ಯಾರೋ ಕಿಸಕ್ಕೆಂದರು.

“ಲುಡಿವಿನಾಗೆ ಕರುಣೆ ಜಾಸ್ತಿ, ಕಾಯೋಕೆ ಆಗ್ಲಿಲ್ಲ ಅಂತ ನಾನು ಹೇಳ್ಬೇಕಂತೆ...”

ಅಷ್ಟರಲ್ಲಿ ಬೆಲ್ ಹೊಡೆಯಿತು.

ಬಲಗಡೆಯ ಸಾಲಿನ ದೀಪ. ಬೆರಿಲ್ ಅಜ್ಜಿಯ ಕೋಣೆ. ಕೆಲಸದವರೆಲ್ಲ ಇಲ್ಲಿ ಕುಟುಂಬವಾಗಿ ನಿಂತಿದ್ದರು. ಬೆಲ್ ನಿಲ್ಲಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಎಲ್ಲರೂ ಕೇಳಲಿ ಎಂದು. ಹೆಡ್ ಆಫೀಸಿನವರಲ್ಲಿ ಒಬ್ಬ ಕೇಕು ಅಗಿಯುವುದನ್ನು ನಿಲ್ಲಿಸಿದ. ನೆರಿಡಾಳ ನಗು ಮುಖದ ಮೇಲೆ ಹಾಗೇ ಒಣಗತೊಡಗಿತು.

“ಯಾರಾದ್ರೂ ಹೋಗಿ,” ಎಂದು ಪಿಸುಗುಟ್ಟಿದಳು. ಜೋನಾಲಿನ್ ಹೆಜ್ಜೆ ಎತ್ತಿದಳು.

“ನಿಲ್ಲು,” ಎಂದೆ. “ಒಬ್ಬಳೇ ಹೋಗ್ಬೇಡ. ಗೋಡೆ ಮೇಲೆ ಬರೆದಿದೆ. ಎರಡನೇ ಆಳು ಯಾರು?”

ನಮ್ಮ ಹೆಂಗಸರು ಒಬ್ಬೊಬ್ಬರೇ ಕೈಕಟ್ಟಿ ನಿಂತರು. ಬೆಲ್ ಹೊಡೆಯುತ್ತಲೇ ಇತ್ತು.

“ಮೆರ್ಲಿ, ಇದು ಸಮಯವಲ್ಲ,” ಎಂದಳು ನೆರಿಡಾ.

“ಸಮಯ ಇದೇ. ಕೇಳಿಸ್ಕೊಳ್ಳಿ. ಅವತ್ತು ಇಷ್ಟೇ ಜೋರಾಗಿ ಹೊಡೀತಿತ್ತು, ಇದಕ್ಕಿಂತ ಹೆಚ್ಚು ಹೊತ್ತು. ಅವಳು ಕಾದಳು. ಬರ್ಬೇಕಾದೋಳನ್ನ ನೀವು ಮನೆಗೆ ಕಳ್ಸಿದ್ರಿ. ಈಗ ನೀವಿದೀರಲ್ಲ, ಬನ್ನಿ. ಕುಟುಂಬ ಅಲ್ವಾ? ಒಂದು ಕಡೆ ಜೋನಾಲಿನ್ ಹಿಡೀತಾಳೆ, ಇನ್ನೊಂದು ಕಡೆ ನೀವು ಹಿಡೀರಿ. ಮೊಣಕಾಲು ಮಡಿಸಿ. ಬೆನ್ನು ಜೋಪಾನ.”

ಹೆಡ್ ಆಫೀಸಿನವರು ನೆರಿಡಾಳನ್ನು ನೋಡಿದರು. ನೆರಿಡಾ ಹೋದಳು, ಎತ್ತರದ ಹಿಮ್ಮಡಿಯ ಚಪ್ಪಲಿ ಟಕಟಕ ಎನಿಸುತ್ತಾ. ಸ್ವಲ್ಪ ಹೊತ್ತಿಗೆ ಬೆಲ್ ನಿಂತಿತು. ಅಜ್ಜಿಯ ದನಿ ಕಾರಿಡಾರು ದಾಟಿ ಸ್ಪಷ್ಟವಾಗಿ ಬಂತು: “ನೀನ್ಯಾರಮ್ಮ? ನಿಂಗೆ ಎತ್ತೋಕೆ ಬರಲ್ಲ. ಆ ಲೂಡಿಂಗ್ ಎಲ್ಲಿ?”

ಅಜ್ಜಿಗೆ ತನ್ನ ಮಗನ ಹೆಸರು ಮರೆತಿದೆ. ಲೂಡಿಂಗಳ ಹೆಸರು ಮಾತ್ರ ನಾಲಿಗೆ ಮೇಲೆ ಸಲೀಸಾಗಿ ಹೊರಳಿತು.

ನಾವು ಕೇಕು ತಿಂದೆವು. ತಿನ್ನಲೇಬೇಕು, ಅದು ಪದ್ಧತಿ. ಹೊರಡುವಾಗ ಮುಂಬಾಗಿಲಿನ ‘ಸುಸ್ವಾಗತ’ದ ಚಾಪೆಯ ಮೇಲೆ ನಮ್ಮ ಹೆಂಗಸರೆಲ್ಲ ಸಾಲಾಗಿ ನಿಂತು ಲಂಗ ಕೊಡವಿದರು, ಅಂಗಿ ಕೊಡವಿದರು, ಕೈಚೀಲ ಬೋರಲು ಹಾಕಿ ಬಡಿದರು.

“ಏನ್ಮಾಡ್ತಿದಾರೆ?” ಎಂದು ಕೇಳಿದ ಹೆಡ್ ಆಫೀಸಿನವನು.

“ಲುಡಿವಿನಾನ ಇಲ್ಲಿ ಬಿಟ್ಟು ಹೋಗ್ತಿದೀವಿ ಸಾರ್,” ಎಂದಳು ಜೋನಾಲಿನ್, ಬಲು ವಿನಯದಿಂದ. “ನೀವೇ ಕರ್ಸಿದ್ರಲ್ಲ.”

ಮರುದಿನದಿಂದ ನಮ್ಮವರು ಯಾರೂ ಯಾವ ಕೋಣೆಗೂ ಒಬ್ಬರೇ ಹೋಗಲಿಲ್ಲ. ಬೆಲ್ ಹೊಡೆದರೆ ಬಾಗಿಲ ತನಕ ಹೋಗಿ, ಅಜ್ಜಿಗೋ ತಾತನಿಗೋ ಬಾಗಿಲಿಂದಲೇ ಧೈರ್ಯ ಹೇಳುತ್ತಾ ನಿಲ್ಲುವುದು. ಎರಡನೆಯವರು ಬಂದ ಮೇಲೆ ಒಳಗೆ. ನೆರಿಡಾ ಕೂಗಾಡಿದಳು. ನಾವು ಹೆದರಿದ ಮುಖ ಮಾಡಿದೆವು. “ಒಳಗೆ ಮನಾಂಗ್ ಇದಾಳೆ ಮೇಡಂ. ಒಬ್ಬರೇ ಹೋದ್ರೆ ಬೈತಾಳೆ. ನಾವು ಹಳೇ ಕಾಲದ ಜನ, ಏನ್ಮಾಡೋದು?” ‘ಎಲ್ಲ ಸಂಸ್ಕೃತಿಗಳನ್ನೂ ಗೌರವಿಸುತ್ತೇವೆ’ ಎಂಬ ಪೋಸ್ಟರೂ ಅದೇ ಗೋಡೆಯಲ್ಲಿತ್ತು. ಅದರಲ್ಲಿ ನಮ್ಮ ಜೋನಾಲಿನ್‌ಳದೇ ಫೋಟೋ. ಕಂಪನಿ ಪಾದ್ರಿಯನ್ನು ಕರೆಸಿತು. ಅವರು ತೀರ್ಥ ಚಿಮುಕಿಸಿ ಹೋದರು. ಲೂಡಿಂಗಳಿಗೆ ತೀರ್ಥ ಅಂದರೆ ಪ್ರಾಣ, ಇನ್ನು ಅವಳು ಕದಲುವುದೇ ಇಲ್ಲ ಎಂದು ನಮ್ಮವರು ಕಣ್ಣೊರೆಸಿಕೊಂಡರು. ಸರ್ಕಾರದವರು ಬಂದಾಗ ನಾನು ಆ ಬೆಳಗನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅದರ ತೀರ್ಪು ಇನ್ನೂ ಬಂದಿಲ್ಲ. ನನ್ನ ಪಾಳಿ ಅರ್ಧವಾಯಿತು. ಅದು ಮಾತ್ರ ಬಹಳ ಬೇಗ ಆಯಿತು.

ಆದರೆ ಈಗ ಪ್ರತಿ ಸಾಲಿಗೂ ಇಬ್ಬರಿದ್ದಾರೆ. ಬದುಕಿದ್ದವಳು ಬೆಲ್ ಒತ್ತಿ ಕೇಳಿದಾಗ ಸಿಗದ ಆಳು, ಸತ್ತವಳ ಹೆದರಿಕೆಗೆ ಸಿಕ್ಕಿತು.

ಒಂದು ಮಾತನ್ನು ನಾನು ನೆರಿಡಾಗೂ ಹೇಳಿಲ್ಲ, ಜೋನಾಲಿನ್‌ಗೂ ಹೇಳಿಲ್ಲ. ಅಂದು ಚಾಪೆಯ ಮೇಲೆ ಎಲ್ಲರೂ ಕೊಡವುವಾಗ ನಾನು ಕೈಯಾಡಿಸಿದೆ ಅಷ್ಟೇ. ಬಟ್ಟೆ ಮುಟ್ಟಲಿಲ್ಲ. ಅವಳನ್ನು ಆ ಜಾಗದಲ್ಲಿ ಬಿಡುವುದೇ? ಸತ್ತ ಮೇಲೂ ಅವಳು ಅಲ್ಲಿ ಪಾಳಿ ಮಾಡಬೇಕೇ? ಕೋಳಿ ಅಂಗಡಿಯಲ್ಲೂ ನಿಲ್ಲಲಿಲ್ಲ. ಹಿಂದೆ ತಿರುಗಿ ನೋಡದೆ, ಅವಳ ಹೆಜ್ಜೆಗೆ ಹೊಂದುವಷ್ಟು ನಿಧಾನವಾಗಿ, ನೇರ ಮನೆಗೆ ನಡೆದೆ.

ಜಗುಲಿಯ ಒಲೆ ಹಚ್ಚಿದೆ. ಒಣಮೀನು ಹುರಿದೆ. ಪಕ್ಕದ ಮನೆಯ ಕಿಟಕಿ ಧಡಾರನೆ ಮುಚ್ಚಿಕೊಂಡಿತು. ಎರಡು ತಟ್ಟೆ ಇಟ್ಟೆ. ನನ್ನದಕ್ಕೆ ಬಡಿಸಿಕೊಂಡು, ಅವಳದಕ್ಕೆ ಒಂದು ಹಿಡಿ ಅನ್ನ ಹಾಕಿದೆ, ಸತ್ತವರಿಗೆ ಇಡುವಷ್ಟು.

ಅದೇನು, ಬೆಕ್ಕಿಗಾ?

ಇನ್ನೆರಡು ಸೌಟು ಬಡಿಸಿದೆ.